‘ಕೇವಿಯಟ್ ಹಾಕಿದೀನಿ’ ಅಂದರೆ ಏನು? ಪದದ ಬೇರು, ಅರ್ಥ, ಬಳಸುವ ಬಗೆ

ಹಾಸನದ ಕೋರ್ಟಿನ ಹೊರಗೆ ಟೀ ಅಂಗಡಿಗಳಲ್ಲಿ ಹೆಚ್ಚಾಗಿ ಕಿವಿಗೆ ಬೀಳುವ ಮಾತು ಇದು: ‘ಕೇವಿಯಟ್ ಹಾಕ್ಸಿದೀನಿ ಕಣಣ್ಣ, ಇನ್ನ್ ಅವ್ನು ಆ ದಾರೀಲಿ ಒಂದ್ ಗೂಟ ನೆಡ್ಲಿ ನೋಡಾನ.’ ಹೇಳುವವರ ಧೈರ್ಯ ಮೆಚ್ಚುವಂಥದ್ದೇ, ಆದರೆ ಅರ್ಥ ಮಾತ್ರ ತಪ್ಪು. ಕೇವಿಯಟ್ ಹಾಕಿದ ಮಾತ್ರಕ್ಕೆ ಎದುರಿನವರು ಗೂಟ ನೆಡುವುದೂ ನಿಲ್ಲುವುದಿಲ್ಲ, ಬೇಲಿ ಹಾಕುವುದೂ ನಿಲ್ಲುವುದಿಲ್ಲ, ಜಮೀನು ಮಾರುವುದೂ ನಿಲ್ಲುವುದಿಲ್ಲ. ಅದು ಎದುರಾಳಿಯ ಕೈ ಕಟ್ಟುವ ಕಾಗದವಲ್ಲ. ‘ನನ್ನ ಮಾತು ಕೇಳದೆ ಆದೇಶ ಕೊಡಬೇಡಿ’ ಎಂದು ನ್ಯಾಯಾಲಯಕ್ಕೆ ಮೊದಲೇ ಕೊಟ್ಟಿಡುವ ಕಾಗದ. ಈ ವ್ಯತ್ಯಾಸ ಪದದ ಹುಟ್ಟಿನಲ್ಲೇ ಇದೆ. ಹಾಗಾಗಿ ಪದವನ್ನು ಮೊದಲು ನೋಡಿ, ಆಮೇಲೆ ಅರ್ಜಿಗೆ ಬರೋಣ.

ಎಸ್ಟೇಟ್ ಗೇಟಿನ ಬೋರ್ಡು ಮತ್ತು ಲ್ಯಾಟಿನ್ ಕ್ರಿಯಾಪದ

ಮೂಡಿಗೆರೆ, ಸಕಲೇಶಪುರದ ಕಡೆ ತೋಟದ ಗೇಟುಗಳ ಮೇಲೆ ‘ನಾಯಿಗಳಿವೆ ಎಚ್ಚರಿಕೆ’ ಎಂಬ ಬೋರ್ಡು ನೋಡಿರುತ್ತೀರಿ. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೇ ಊರಿನ ಒಂದು ಮನೆಯ ಹೊಸ್ತಿಲಲ್ಲಿ ಇಂಥದೇ ಬೋರ್ಡು ಸಿಕ್ಕಿದೆ. ಚೂರುಕಲ್ಲು ಕೂರಿಸಿ ಮಾಡಿದ ಸರಪಳಿ ನಾಯಿಯ ಚಿತ್ರ, ಕೆಳಗೆ ‘ಕಾವೆ ಕಾನೆಮ್’ ಎಂಬ ಎರಡು ಪದ. ನಾಯಿ ಇದೆ, ಜೋಕೆ ಎಂದರ್ಥ. ‘ಕಾವೆ’ ಎಂದರೆ ‘ಎಚ್ಚರವಾಗಿರು’ ಎನ್ನುವ ಆಜ್ಞೆ. ‘ಕಾವೇರೆ’ ಎಂಬ ಕ್ರಿಯಾಪದದ ರೂಪ ಅದು.

ಅದೇ ಕ್ರಿಯಾಪದದ ಇನ್ನೊಂದು ರೂಪವೇ ‘ಕಾವೆಯತ್’. ಎದುರಿಗಿರುವವನಿಗೆ ಹೇಳುವ ‘ಎಚ್ಚರವಾಗಿರು’ ಅಲ್ಲ, ಮೂರನೆಯವನನ್ನು ಕುರಿತು ಹೇಳುವ ‘ಎಚ್ಚರವಾಗಿರಲಿ’. ಶಾಲೆಯ ವ್ಯಾಕರಣದಲ್ಲಿ ವಿಧ್ಯರ್ಥಕ ರೂಪ ಎಂದು ಕಲಿತದ್ದು ನೆನಪಿದ್ದರೆ ಇದು ಸಲೀಸು: ಬರಲಿ, ಹೋಗಲಿ, ನೋಡಲಿ. ನಮ್ಮ ‘-ಲಿ’ ಮಾಡುವ ಕೆಲಸವನ್ನು ಲ್ಯಾಟಿನ್‌ನಲ್ಲಿ ಇಲ್ಲಿ ಆ ಕೊನೆಯ ‘-ಅತ್’ ಮಾಡುತ್ತದೆ. ಇಂಗ್ಲಿಷರಿಗೆ ಇಂಥ ಕ್ರಿಯಾಪದಗಳನ್ನು ಹಾಗೇ ಎತ್ತಿ ನಾಮಪದ ಮಾಡಿಕೊಳ್ಳುವ ಚಾಳಿ. ಅಫಿಡವಿಟ್ ಎಂದರೆ ‘ಪ್ರಮಾಣ ಮಾಡಿ ಹೇಳಿದ್ದಾನೆ’, ಮ್ಯಾಂಡಮಸ್ ಎಂದರೆ ‘ಆಜ್ಞೆ ಮಾಡುತ್ತೇವೆ’, ವೀಟೊ ಎಂದರೆ ‘ಬೇಡವೆನ್ನುತ್ತೇನೆ’. ಕೋರ್ಟಿನ ಕಟಕಟೆಯಲ್ಲಿ ಗಂಭೀರವಾಗಿ ಓಡಾಡುವ ಈ ಪದಗಳೆಲ್ಲ ಒಂದು ಕಾಲಕ್ಕೆ ಪೂರ್ತಿ ವಾಕ್ಯಗಳು.

ಕೇವಿಯಟ್‌ನ ಒಡಹುಟ್ಟುಗಳು ಕಾಷನ್ ಮತ್ತು ಪ್ರಿಕಾಷನ್. ಮೂರೂ ‘ಕಾವೇರೆ’ಯ ಮಕ್ಕಳು. ಹಲ್ಲಿನ ಡಾಕ್ಟರು ಹೇಳುವ ಕ್ಯಾವಿಟಿ ಈ ಮನೆಯದಲ್ಲ. ಅದರ ಬೇರು ‘ಟೊಳ್ಳು’ ಎಂಬರ್ಥದ ಬೇರೆ ಪದ. ಮೀನಿನ ಮೊಟ್ಟೆಯ ಕ್ಯಾವಿಯಾರ್‌ಗೂ ಇದಕ್ಕೂ ನಂಟಿಲ್ಲ, ಆದರೂ ಟೈಪ್ ಮಾಡುವಾಗ ಮೊಬೈಲು ಒಂದರ ಬದಲು ಇನ್ನೊಂದನ್ನು ಕೂರಿಸುವುದುಂಟು, ಕಳಿಸುವ ಮುಂಚೆ ನೋಡಿಕೊಳ್ಳಿ. ಉಚ್ಚಾರಣೆಯಲ್ಲಿ ಇಂಗ್ಲಿಷರದು ‘ಕ್ಯಾವಿಯಾಟ್’, ಒತ್ತು ಮೊದಲ ಅಕ್ಷರದ ಮೇಲೆ. ನಮ್ಮ ಕೋರ್ಟುಗಳಲ್ಲಿ ಕೇವಿಯಟ್, ಕೆವಿಯಟ್, ಕೇವಿಯೆಟ್ ಎಲ್ಲವೂ ನಡೆಯುತ್ತವೆ. ಕನ್ನಡದಲ್ಲಿ ಬರೆಯುವಾಗ ಯಾವುದಾದರೂ ಒಂದನ್ನು ಹಿಡಿದು ಕಾಗದದ ಕೊನೆಯವರೆಗೂ ಅದನ್ನೇ ಬಳಸಿದರೆ ಸಾಕು.

ಕೋರ್ಟಿನಾಚೆ ಈ ಪದ

ದಿನಬಳಕೆಯ ಇಂಗ್ಲಿಷಿನಲ್ಲಿ ಕೇವಿಯಟ್ ಎಂದರೆ ಹೇಳಿದ ಮಾತಿಗೆ ಹಾಕುವ ಮಿತಿ. ಮಾತು ನಿಜ, ಆದರೆ ಇಂಥ ಕಡೆ ಜಾರಬಹುದು, ನೋಡಿಕೊಳ್ಳಿ ಎನ್ನುವ ಎಚ್ಚರಿಕೆ. ‘ವಿತ್ ದ ಕೇವಿಯಟ್ ದಟ್’, ‘ವಿತ್ ಒನ್ ಕೇವಿಯಟ್’, ‘ಆ್ಯಡ್ ಎ ಕೇವಿಯಟ್’ ಎನ್ನುವುದು ಸಾಮಾನ್ಯ ಪ್ರಯೋಗ. ಅರ್ಜಿಯ ಅರ್ಥದಲ್ಲಾದರೆ ‘ಫೈಲ್’ ಅಥವಾ ‘ಲಾಡ್ಜ್’. ನಮ್ಮ ಕಾನೂನಿನ ಕಲಮಿನಲ್ಲಿರುವ ಪದ ‘ಲಾಡ್ಜ್’. ‘ಪುಟ್ ಕೇವಿಯಟ್’ ಎಂಬುದು ‘ಹಾಕು’ ಎನ್ನುವುದನ್ನು ನಾವು ಇಂಗ್ಲಿಷಿಗೆ ದಾಟಿಸಿಕೊಂಡದ್ದು. ಮಾತಿನಲ್ಲಿ ನಡೆಯುತ್ತದೆ, ಪತ್ರದಲ್ಲಿ ಬೇಡ.

ಒಂದು ಉದಾಹರಣೆ. ಕಾಫಿ ವ್ಯಾಪಾರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುತ್ತಿದ್ದೀರಿ: ಈ ಸಲ ಇಷ್ಟು ಚೀಲ ರೊಬಸ್ಟಾ ಚೆರ್ರಿ ಕೊಡಬಲ್ಲೆವು, ಆದರೆ ಹೂ ಅರಳಿಸುವ ಹೂಮಳೆ, ಅದಾದ ಮೇಲೆ ಬರಬೇಕಾದ ಬ್ಯಾಕಿಂಗ್ ಮಳೆ ಎರಡೂ ಹೊತ್ತಿಗೆ ಸರಿಯಾಗಿ ಬಂದರೆ. ಆ ‘ಬಂದರೆ’ ಭಾಗ ಕೇವಿಯಟ್. ವ್ಯಾಪಾರಿ ಮರಳಿ ಬರೆಯುತ್ತಾರೆ: 50 ಕೆ.ಜಿ. ಚೀಲಕ್ಕೆ ಇಂಥ ದರ, ಆದರೆ ಒಂದು ಚೀಲ ಚೆರ್ರಿಯಲ್ಲಿ ಎಷ್ಟು ಕೆ.ಜಿ. ಕ್ಲೀನ್ ಬೀಜ ಇಳಿಯುತ್ತದೆಂಬ ಔಟ್‌ಟರ್ನ್ ನೋಡಿದ ಮೇಲೆ ಅಂತಿಮ. ಅದು ಅವರ ಕಡೆಯ ಕೇವಿಯಟ್. ಆದರೆ ‘ಮುಂಗಡ ಬಂದ ಮೇಲೆ ಮಾಲು ಕೊಡುತ್ತೇವೆ’ ಎನ್ನುವುದು ಕೇವಿಯಟ್ ಅಲ್ಲ, ಕಂಡಿಷನ್. ಮುಂಗಡ ಕೊಡುವುದು ಎದುರಿನವರ ಕೈಯಲ್ಲಿದೆ, ಕೊಡದಿದ್ದರೆ ವ್ಯವಹಾರವೇ ಇಲ್ಲ. ಮಳೆ ಯಾರ ಕೈಯಲ್ಲೂ ಇಲ್ಲ, ಅದು ಬಾರದಿದ್ದರೆ ನಿಮ್ಮ ಅಂದಾಜು ಹುಸಿಯಾಗುತ್ತದೆ, ಅಷ್ಟೇ. ಈ ಎರಡನ್ನು ಬೆರೆಸಿದರೆ ಆಮೇಲೆ ಪತ್ರ ಹಿಡಿದುಕೊಂಡು ಜಗಳವಾಡಬೇಕಾಗುತ್ತದೆ.

ಕನ್ನಡಕ್ಕೆ ತರುವಾಗ ನಿಘಂಟಿನ ‘ಎಚ್ಚರಿಕೆ’ಯನ್ನು ಎಲ್ಲ ಕಡೆ ತುರುಕಬೇಡಿ. ‘ಒಂದು ಎಚ್ಚರಿಕೆಯೊಂದಿಗೆ ಒಪ್ಪುತ್ತೇನೆ’ ಎಂದರೆ ಬೆದರಿಕೆ ಹಾಕಿದಂತೆ ಕೇಳುತ್ತದೆ. ನಮ್ಮಲ್ಲಿ ಇದಕ್ಕೆ ಒಂದೇ ನಾಮಪದವಿಲ್ಲ, ವಾಕ್ಯದ ತಿರುವಿನಲ್ಲೇ ಅದು ಬರುತ್ತದೆ. ‘ಆದರೆ ಒಂದು ಮಾತು’, ‘ಹಾಗಂತ ಪೂರ್ತಿ ನಂಬಬೇಡಿ’, ‘ಮಳೆ ಕೈಕೊಡದಿದ್ದರೆ ಮಾತ್ರ’ ಎನ್ನುವುದೇ ಸರಿಯಾದ ಅನುವಾದ. ಕಚೇರಿಯ ಕನ್ನಡವೇ ಬೇಕೆಂದರೆ ‘ಈ ಮಿತಿಗೆ ಒಳಪಟ್ಟು’ ಎನ್ನಿ.

ಇದರ ಜತೆಗೇ ಓಡಾಡುವ ಇನ್ನೊಂದು ಮಾತು ‘ಕೇವಿಯಟ್ ಎಂಪ್ಟರ್’, ಕೊಳ್ಳುವವನು ಜೋಕೆಯಾಗಿರಲಿ. ರಾಮನಾಥಪುರದ ದನದ ಜಾತ್ರೆಯಲ್ಲಿ ಎತ್ತಿನ ತುಟಿ ಎತ್ತಿ ಹಲ್ಲು ಎಣಿಸುವುದು, ಹತ್ತು ಹೆಜ್ಜೆ ನಡೆಸಿ ನೋಡುವುದು, ಇದೇ ತತ್ವ. ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿ ಕೂಡಿದೆ ಎಂದು ಕೊಳ್ಳುವವನೇ ನೋಡಿಕೊಳ್ಳಬೇಕು, ಮಾರುವವನು ಹೇಳಲಿ ಎಂದು ಕಾಯುವವನಿಗೆ ಜಾತ್ರೆಯಲ್ಲಿ ಜಾಗವಿಲ್ಲ. ಕಾನೂನು ಇದನ್ನು ಪೂರ್ತಿ ಒಪ್ಪಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 16ನೇ ಸೆಕ್ಷನ್ ಈ ತತ್ವಕ್ಕೆ ವಿನಾಯಿತಿಗಳನ್ನು ಇಟ್ಟಿದೆ. ಜಮೀನಿನ ವಿಷಯದಲ್ಲಿ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್, ಕೊಳ್ಳುವವನು ಸಾಮಾನ್ಯ ಜಾಗ್ರತೆಯಿಂದ ಕಂಡುಹಿಡಿಯಲಾಗದ, ತನಗೆ ಗೊತ್ತಿರುವ ಮುಖ್ಯ ದೋಷವನ್ನು ಮಾರುವವನು ಹೇಳಲೇಬೇಕು ಎನ್ನುತ್ತದೆ. ‘ಸಾಮಾನ್ಯ ಜಾಗ್ರತೆ’ ಎಂದರೆ ಇಲ್ಲಿ ಪಹಣಿ, ಮ್ಯುಟೇಷನ್, ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ ಓದುವುದು. ಅಂದ ಹಾಗೆ, ಇಸಿಯಲ್ಲಿ ಕಾಣುವುದು ನೋಂದಾಯಿತ ವ್ಯವಹಾರಗಳು ಮಾತ್ರ, ಕೋರ್ಟಿನಲ್ಲಿರುವ ಕೇವಿಯಟ್ ಅಲ್ಲಿ ಕಾಣುವುದಿಲ್ಲ.

ಅರ್ಜಿಯಾಗಿ: ಯಾರು ಹಾಕಬೇಕು, ಯಾರು ಹಾಕಿದರೆ ಪ್ರಯೋಜನವಿಲ್ಲ

ಸಿವಿಲ್ ಪ್ರಕ್ರಿಯಾ ಸಂಹಿತೆಗೆ (ಸಿ.ಪಿ.ಸಿ.) 1976ರ ತಿದ್ದುಪಡಿಯಲ್ಲಿ ಕೇವಿಯಟ್ಟಿನ 148ಎ ಸೆಕ್ಷನ್ ಸೇರಿತು, 1977ರ ಮೇ 1ರಿಂದ ಜಾರಿಗೆ ಬಂತು. ಅದರ ಹಿಂದಿರುವ ತೊಂದರೆ ಇದು: ದಾವೆ ಹಾಕಿದವರು ಅದರ ಜತೆಗೇ ಒಂದು ಐಎ (ಮಧ್ಯಂತರ ಅರ್ಜಿ) ಹಾಕಿ ತಾತ್ಕಾಲಿಕ ನಿರ್ಬಂಧಕಾಜ್ಞೆ ಕೇಳುತ್ತಾರೆ. ಸಾಮಾನ್ಯವಾಗಿ ಎದುರಿನವರಿಗೆ ನೋಟಿಸು ಹೋಗಬೇಕು. ಆದರೆ ತಡವಾದರೆ ಅರ್ಜಿಯ ಉದ್ದೇಶವೇ ಕೆಡುತ್ತದೆ ಎನ್ನಿಸಿದರೆ, ಕಾರಣ ಬರೆದು ನೋಟಿಸಿಲ್ಲದೆ ಏಕಪಕ್ಷೀಯ ಆದೇಶ ಕೊಡಲು ಸಂಹಿತೆಯ 39ನೇ ಆದೇಶದ 3ನೇ ನಿಯಮ ಅವಕಾಶ ಕೊಡುತ್ತದೆ. ಹೀಗೆ ಏಕಪಕ್ಷೀಯ ಆದೇಶ ಬಂದುಬಿಟ್ಟರೆ ಅದನ್ನು ತೆಗೆಸಲು ವಾರಗಳು ಬೇಕು. ಹಣ್ಣು ಕೊಯ್ಯುವ ಹೊತ್ತಿಗೆ ‘ತೋಟಕ್ಕೆ ಕಾಲಿಡಬೇಡಿ’ ಎಂಬ ಆದೇಶ ಬಂದು ಹದಿನೈದು ದಿನ ಕಳೆದರೆ ಅರೇಬಿಕಾ ಹಣ್ಣು ನೆಲಕ್ಕೆ ಬಿದ್ದಿರುತ್ತದೆ. ಆಮೇಲೆ ಕೇಸು ಗೆದ್ದರೂ ಬಂದದ್ದೇನು?

ಹಾಗಾಗಿ ಕೇವಿಯಟ್ ಬೇಕಾಗುವುದು ತನ್ನ ಮೇಲೆ ಆದೇಶ ಬರಬಹುದೆಂಬ ಅಂಜಿಕೆ ಇರುವವರಿಗೆ. ಬೇರೆಯವರನ್ನು ತಡೆಯಬೇಕು ಎನ್ನುವವರಿಗಲ್ಲ. ದಾರಿಯಲ್ಲಿ ಓಡಾಡುತ್ತಿರುವವರು ನೀವು, ಪಕ್ಕದ ತೋಟದವರು ‘ಓಡಾಡದಂತೆ ಆದೇಶ ಕೊಡಿ’ ಎಂದು ಕೋರ್ಟಿಗೆ ಹೋಗುವ ಸೂಚನೆ ಇದೆ, ಆಗ ನಿಮ್ಮ ಕೇವಿಯಟ್ಟಿಗೆ ಅರ್ಥವಿದೆ. ಪಕ್ಕದವರೇ ದಾರಿಗೆ ಬೇಲಿ ಹಾಕಲು ಹೊರಟಿದ್ದಾರೆ, ಅದನ್ನು ನಿಲ್ಲಿಸಬೇಕು ಎಂದಾದರೆ ದಾವೆ ಹೂಡಿ ನಿರ್ಬಂಧಕಾಜ್ಞೆ ಕೇಳಬೇಕಾದವರು ನೀವೇ. ಟೀ ಅಂಗಡಿಯ ಅಣ್ಣನಿಗೆ ಬೇಕಿದ್ದದ್ದು ಇದು, ಹಾಕಿಸಿದ್ದು ಅದು.

ಗೊಂದಲಕ್ಕೆ ಇನ್ನೊಂದು ಕಾರಣವಿದೆ. ಆಸ್ಟ್ರೇಲಿಯಾ, ಮಲೇಷ್ಯಾ, ಸಿಂಗಪುರಗಳಲ್ಲಿ ಕೇವಿಯಟ್ ಎಂದರೆ ಭೂ ನೋಂದಣಿ ಪುಸ್ತಕದಲ್ಲೇ ದಾಖಲಾಗುವ ತಕರಾರು, ಅದು ಮಾರಾಟವನ್ನು ತಡೆಯಬಲ್ಲದು. ಅಂತರ್ಜಾಲದಲ್ಲಿ ಹುಡುಕಿದವರಿಗೆ, ವಿದೇಶದಲ್ಲಿರುವ ಮಗನನ್ನು ಕೇಳಿದವರಿಗೆ ಸಿಗುವುದು ಆ ದೇಶದ ಕೇವಿಯಟ್. ನಮ್ಮ ಉಪನೋಂದಣಿ ಕಚೇರಿಯಲ್ಲಿ ಹಾಗೆ ನಡೆಯುವುದಿಲ್ಲ.

ಅರ್ಜಿಯ ವಿಚಾರಣೆಯಲ್ಲಿ ಹಾಜರಾಗುವ ಹಕ್ಕು ತನಗಿದೆ ಎನ್ನುವವರು ಮಾತ್ರ ಕೇವಿಯಟ್ ಹಾಕಬಹುದು. ಊರಿನ ಹಿತೈಷಿಗಳಿಗೆ ಇದು ದಕ್ಕದು. ವಕೀಲರ ಮೂಲಕವೂ ಹಾಕಬಹುದು, ಸ್ವತಃ ತಾವೇ ಹೋಗಿಯೂ ಹಾಕಬಹುದು. ಆದರೆ ನೋಟಿಸು ಬಂದ ದಿನವೇ ಎದ್ದು ನಿಲ್ಲಬೇಕಾದ್ದರಿಂದ ವಕಾಲತ್ತು ಕೊಟ್ಟಿಡುವುದು ಮೇಲು.

ಯಾವ ಕೋರ್ಟು

ಸ್ಥಿರಾಸ್ತಿಯ ದಾವೆ ಆಸ್ತಿ ಇರುವ ಜಾಗದ ನ್ಯಾಯಾಲಯದಲ್ಲಿ. ಇಷ್ಟು ಎಲ್ಲರಿಗೂ ಗೊತ್ತು. ಮಲೆನಾಡಿನಲ್ಲಿ ಎಡವುವುದು ತೋಟ ಎರಡು ತಾಲ್ಲೂಕಿಗೆ ಚಾಚಿಕೊಂಡಿದ್ದಾಗ. ಸಕಲೇಶಪುರ-ಮೂಡಿಗೆರೆ ಗಡಿ, ಬೇಲೂರು-ಚಿಕ್ಕಮಗಳೂರು ಗಡಿಯಲ್ಲಿ ಅರ್ಧ ತೋಟ ಒಂದು ಜಿಲ್ಲೆ, ಅರ್ಧ ಇನ್ನೊಂದು ಜಿಲ್ಲೆ ಆಗಿರುವುದು ಅಪರೂಪವಲ್ಲ. ಅಂಥ ಆಸ್ತಿಯ ದಾವೆಯನ್ನು ಎರಡರಲ್ಲಿ ಯಾವ ಕಡೆಯಾದರೂ ಹೂಡಬಹುದು ಎಂದು ಸಂಹಿತೆಯ 17ನೇ ಸೆಕ್ಷನ್ ಹೇಳುತ್ತದೆ. ನೀವು ಒಂದೇ ಕಡೆ ಕೇವಿಯಟ್ ಹಾಕಿ ನಿದ್ದೆ ಮಾಡಿದರೆ ದಾವೆ ಇನ್ನೊಂದು ಕಡೆ ಬೀಳುತ್ತದೆ. ಹಾಗೆಯೇ ದಾವೆಯ ಮೌಲ್ಯ ಎಷ್ಟು ತೋರಿಸುತ್ತಾರೋ ತಿಳಿಯದಿದ್ದರೆ ಕಿರಿಯ ಶ್ರೇಣಿ, ಹಿರಿಯ ಶ್ರೇಣಿ ಎರಡೂ ಸಿವಿಲ್ ನ್ಯಾಯಾಲಯಗಳಲ್ಲಿ ಹಾಕಿ. ಒಂದು ಕೋರ್ಟಿನ ಕೇವಿಯಟ್ ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ.

ಬರೆಯುವುದು

ಕೆಳಗಿನ ನ್ಯಾಯಾಲಯಗಳಲ್ಲಿ ಕನ್ನಡದಲ್ಲೇ ಬರೆಯಬಹುದು. ಒಂದೂವರೆ ಪುಟಕ್ಕಿಂತ ಹೆಚ್ಚು ಬೇಕಿಲ್ಲ. ಒಂದು ಮಾದರಿ:

ಮಾನ್ಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯ, ಮೂಡಿಗೆರೆ
ಕೇವಿಯಟ್ ಸಂಖ್ಯೆ ........ / 20....
ಕೇವಿಯಟ್‌ದಾರರು: ........ ಬಿನ್ ........, ವಯಸ್ಸು ...., ವಾಸ ........
ಎದುರುದಾರರು: 1) ........ ಬಿನ್ ........ 2) ........ ಕೋಂ ........
ಸಿ.ಪಿ.ಸಿ. 148ಎ ಸೆಕ್ಷನ್ ಅನ್ವಯ ಕೇವಿಯಟ್
1. ಕೆಳಗಿನ ಷೆಡ್ಯೂಲ್ ಸ್ವತ್ತಿನಲ್ಲಿ ಹಾದುಹೋಗುವ 12 ಅಡಿ ಅಗಲದ ದಾರಿಯನ್ನು ಕೇವಿಯಟ್‌ದಾರರು ತಮ್ಮ ತೋಟಕ್ಕೆ ಬಳಸುತ್ತಾ ಬಂದಿರುತ್ತಾರೆ.
2. ಎದುರುದಾರರು ಸದರಿ ದಾರಿಯ ಬಗ್ಗೆ ದಾವೆ ಹೂಡಿ, ಕೇವಿಯಟ್‌ದಾರರ ವಿರುದ್ಧ ಏಕಪಕ್ಷೀಯ ತಾತ್ಕಾಲಿಕ ನಿರ್ಬಂಧಕಾಜ್ಞೆ ಪಡೆಯುವ ಸಂಭವವಿದೆ.
3. ಆದ್ದರಿಂದ ಎದುರುದಾರರು ಸಲ್ಲಿಸುವ ಯಾವುದೇ ಅರ್ಜಿಯ ಮೇಲೆ ಕೇವಿಯಟ್‌ದಾರರಿಗೆ ನೋಟಿಸು ನೀಡಿ ಅವರ ಅಹವಾಲು ಕೇಳದೆ ಯಾವುದೇ ಆದೇಶ ಮಾಡಬಾರದೆಂದು ಪ್ರಾರ್ಥನೆ.
ಷೆಡ್ಯೂಲ್: ........ ಗ್ರಾಮ, ........ ಹೋಬಳಿ, ಮೂಡಿಗೆರೆ ತಾಲ್ಲೂಕು, ಸರ್ವೆ ನಂ. 45/2, ವಿಸ್ತೀರ್ಣ 3 ಎಕರೆ 10 ಗುಂಟೆ. ಚಕ್ಕುಬಂದಿ: ಪೂರ್ವಕ್ಕೆ ........, ಪಶ್ಚಿಮಕ್ಕೆ ........, ಉತ್ತರಕ್ಕೆ ........, ದಕ್ಷಿಣಕ್ಕೆ ........

ಈ ಕಾಗದದ ಜೀವ ಇರುವುದು ಹೆಸರು ಮತ್ತು ಷೆಡ್ಯೂಲಿನಲ್ಲಿ, ಒಕ್ಕಣೆಯಲ್ಲಲ್ಲ. ಹೊಸ ದಾವೆ ಬಂದಾಗ ಕಚೇರಿಯವರು ಕಂಪ್ಯೂಟರಿನಲ್ಲಿ ಹೆಸರು ಹೊಡೆದು ಕೇವಿಯಟ್ ಇದೆಯೇ ನೋಡುತ್ತಾರೆ. ಎದುರುದಾರರ ಹೆಸರು ಆಧಾರಿನಲ್ಲಿ ಒಂದು, ಪಹಣಿಯಲ್ಲಿ ಒಂದು, ಊರಿನ ಬಾಯಲ್ಲಿ ಇನ್ನೊಂದು ಇರುತ್ತದೆ. ಎಲ್ಲವನ್ನೂ ‘ಅಲಿಯಾಸ್’ ಹಾಕಿ ಬರೆಯಿರಿ. ದಾವೆ ಯಜಮಾನನ ಹೆಸರಿನಲ್ಲೇ ಬರುತ್ತದೆಂದು ನಂಬಬೇಡಿ. ಹೆಂಡತಿ, ಮಗ, ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಪಡೆದವರು ಯಾರಾದರೂ ವಾದಿಯಾಗಬಹುದು. ಪಹಣಿಯಲ್ಲಿ ಜಂಟಿ ಖಾತೆ ಇದ್ದರೆ ಅಷ್ಟೂ ಜನರನ್ನು ಎದುರುದಾರರ ಪಟ್ಟಿಯಲ್ಲಿ ಸೇರಿಸಿ.

ಸರ್ವೆ ನಂಬರಿನಲ್ಲೂ ಇದೇ ಗೋಳು. ಪೋಡಿ ಆಗಿ, ಅಂದರೆ ಜಮೀನು ಅಳೆದು ಭಾಗವಾದ ಮೇಲೆ 45/2 ಇದ್ದದ್ದು ಬೇರೆ ಹಿಸ್ಸಾ ನಂಬರು ಪಡೆದಿರುತ್ತದೆ, ಹಳೆಯ ಕ್ರಯಪತ್ರದಲ್ಲಿ ಮಾತ್ರ 45/2 ಎಂದೇ ಇರುತ್ತದೆ. ಎದುರಿನವರು ಯಾವುದನ್ನು ಹಿಡಿದು ದಾವೆ ಹೂಡುತ್ತಾರೋ ತಿಳಿಯದು. ‘ಹಳೇ ಸರ್ವೆ ನಂ., ಹೊಸ ಸರ್ವೆ ನಂ.’ ಎಂದು ಎರಡನ್ನೂ ಕೊಡಿ. 40 ಗುಂಟೆಗೆ ಒಂದು ಎಕರೆ ಎಂಬ ಲೆಕ್ಕದಲ್ಲಿ ಹಿಸ್ಸಾಗಳ ಮೊತ್ತ ಪಹಣಿಗೆ ಹೊಂದುತ್ತದೆಯೇ ಒಮ್ಮೆ ಕೂಡಿ ನೋಡಿ.

ಕೇವಿಯಟ್ಟಿನಲ್ಲಿ ನಿಮ್ಮ ಸಾಕ್ಷ್ಯವನ್ನೆಲ್ಲ ಸುರಿಯಬೇಡಿ. ಅದರ ಪ್ರತಿ ಎದುರಿನವರಿಗೆ ಹೋಗುತ್ತದೆ. ದಾರಿ ಇದೆ, ಬಳಸುತ್ತಿದ್ದೇವೆ ಎನ್ನುವಷ್ಟು ಸಾಕು, ಸರ್ವೆ ನಕ್ಷೆಯಲ್ಲಿ ಚುಕ್ಕೆ ಗೆರೆ ಎಲ್ಲಿದೆ ಎಂಬುದನ್ನು ತಕರಾರಿಗೆ ಉಳಿಸಿಕೊಳ್ಳಿ. ‘ಅವರು ಬೇಲಿ ಹಾಕದಂತೆ ತಡೆಯಬೇಕು’ ಎಂದು ಇದರಲ್ಲೇ ಕೇಳುವುದೂ ವ್ಯರ್ಥ. ಕೇವಿಯಟ್ಟಿನಲ್ಲಿ ಪರಿಹಾರ ಸಿಗುವುದಿಲ್ಲ.

ಅಂಚೆ, ಸಲ್ಲಿಕೆ, ದಿನದ ಲೆಕ್ಕ

ಮೊದಲು ಅಂಚೆ, ಆಮೇಲೆ ಕೋರ್ಟು. ಕೇವಿಯಟ್ಟಿನ ನೋಟಿಸನ್ನು ಪ್ರತಿ ಎದುರುದಾರರಿಗೂ ಪ್ರತ್ಯೇಕವಾಗಿ, ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕೆಂದು ಕಲಮು ಹೇಳುತ್ತದೆ. 2025ರಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿರುವುದರಿಂದ, ಕೌಂಟರಿನಲ್ಲಿ ಸುಮ್ಮನೆ ‘ಸ್ಪೀಡ್ ಪೋಸ್ಟ್’ ಎನ್ನದೆ ರಿಜಿಸ್ಟ್ರೇಷನ್ ಬೇಕು, ಸ್ವೀಕೃತಿ ಬೇಕು ಎಂದು ಬಿಡಿಸಿ ಹೇಳಿ. ಕೊರಿಯರ್ ಬೇಡ.

ತೋಟದ ಮಾಲೀಕರಲ್ಲಿ ಅನೇಕರು ಇರುವುದು ಬೆಂಗಳೂರಿನಲ್ಲಿ, ಪಹಣಿಯಲ್ಲಿರುವುದು ಊರಿನ ವಿಳಾಸ. ಎರಡಕ್ಕೂ ಕಳಿಸಿ. ವಿಳಾಸದಲ್ಲಿ ಎಸ್ಟೇಟಿನ ಹೆಸರು, ಅಂಚೆ ಕಚೇರಿ, ಪಿನ್‌ಕೋಡ್ ಮೂರೂ ಇರಲಿ. ನಾಲ್ಕು ಮೈಲಿ ದೂರದ ತೋಟಕ್ಕೆ ಬರೀ ಗ್ರಾಮದ ಹೆಸರು ಬರೆದರೆ ‘ವಿಳಾಸ ಅಪೂರ್ಣ’ ಎಂದು ಮರಳಿ ಬರುತ್ತದೆ, ಆಗ ನೋಟಿಸು ಕೊಟ್ಟಿಲ್ಲ ಎಂಬ ವಾದಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ‘ನಿರಾಕರಿಸಿದ್ದಾರೆ’ ಎಂಬ ಷರಾ ಬರೆದು ವಾಪಸಾದರೆ ಮಾತ್ರ ಅದು ನಿಮಗೇ ಅನುಕೂಲ. ಲಕೋಟೆಯನ್ನು ಒಡೆಯದೆ ಹಾಗೇ ಇಡಿ.

ಅಂಚೆ ರಶೀದಿಗಳನ್ನು ಕೇವಿಯಟ್ಟಿನ ಜತೆ ಹಚ್ಚಿ, ಶುಲ್ಕ ಕಟ್ಟಿ, ಕೋರ್ಟ್ ಕಚೇರಿಯಲ್ಲಿ ಕೊಡಿ. ಕೆಲವು ಕಡೆ ಚಿಕ್ಕದೊಂದು ಅಫಿಡವಿಟ್ಟನ್ನೂ ಕೇಳುತ್ತಾರೆ. ಸಂಖ್ಯೆ, ದಿನಾಂಕ, ಮೊಹರು ಇರುವ ಪ್ರತಿ ಕೈಗೆ ಬರುವವರೆಗೆ ಕೌಂಟರು ಬಿಡಬೇಡಿ.

ಇನ್ನು ಕೇವಿಯಟ್ಟಿನ ಆಯಸ್ಸು, 90 ದಿನ. ಅತಿ ಹೆಚ್ಚು ಜನ ಬೀಳುವುದು ಇಲ್ಲಿ. 90 ದಿನವೆಂದರೆ ಮೂರು ತಿಂಗಳಲ್ಲ. ನವೆಂಬರ್ 3ಕ್ಕೆ ಸಲ್ಲಿಸಿದ ಕೇವಿಯಟ್ ಲೆಕ್ಕ ಹಾಕಿ: ನವೆಂಬರಿನಲ್ಲಿ ಉಳಿದದ್ದು 27 ದಿನ, ಡಿಸೆಂಬರಿನ 31 ಸೇರಿ 58, ಜನವರಿಯ 31 ಸೇರಿ 89. ಫೆಬ್ರವರಿ 1ಕ್ಕೆ ಅದರ ಆಯಸ್ಸು ಮುಗಿಯಿತು. ‘ಮೂರು ತಿಂಗಳಲ್ವಾ, 3ನೇ ತಾರೀಖಿನ ತನಕ ಇದೆ’ ಎಂದು ಕೂತವರಿಗೆ ಎರಡು ದಿನದ ಕಿಂಡಿ ಉಳಿಯುತ್ತದೆ, ಎದುರಿನ ವಕೀಲರು ಕಾಯುವುದು ಆ ಕಿಂಡಿಗೇ. ರಜೆಯ ದಿನ ಕಳೆಯಿರಿ ಎಂದು ಕಲಮಿನಲ್ಲಿ ಎಲ್ಲೂ ಇಲ್ಲ, ದಸರಾ ರಜೆಯೂ ಬೇಸಿಗೆ ರಜೆಯೂ ಎಣಿಕೆಯಲ್ಲೇ ಹೋಗುತ್ತವೆ. ಎಣಿಕೆ ಶುರುವಾಗುವುದು ಸಲ್ಲಿಸಿದ ದಿನಾಂಕದಿಂದ, ಎದುರಿನವರಿಗೆ ಅಂಚೆ ಮುಟ್ಟಿದ ದಿನದಿಂದಲ್ಲ.

ಕಾಫಿ ತೋಟದ ತಗಾದೆಯಲ್ಲಿ ಇದನ್ನು ಕೊಯ್ಲಿನ ಜತೆ ಹೊಂದಿಸಿಕೊಳ್ಳಬೇಕು. ನವೆಂಬರ್ ಮೊದಲ ವಾರದ ಕೇವಿಯಟ್ ಅರೇಬಿಕಾ ಕೊಯ್ಲನ್ನು ದಾಟಿಸುತ್ತದೆ. ರೊಬಸ್ಟಾ ಫೆಬ್ರವರಿಯಲ್ಲೂ ಗಿಡದ ಮೇಲಿರುತ್ತದೆ. ಅದಕ್ಕೆ ಜನವರಿ ಕೊನೆಯ ವಾರದಲ್ಲೇ ಇನ್ನೊಂದು ಹಾಕಿ. ಹಳೆಯದನ್ನು ಮುಂದುವರಿಸುವ ವ್ಯವಸ್ಥೆ ಇಲ್ಲ. ಹೊಸ ಅರ್ಜಿ, ಹೊಸ ಅಂಚೆ, ಹೊಸ ಸಂಖ್ಯೆ. 90 ದಿನದೊಳಗೆ ಎದುರಿನವರು ಅರ್ಜಿ ಹಾಕಿಬಿಟ್ಟಿದ್ದರೆ ಮಾತ್ರ ಈ ಚಿಂತೆ ಇಲ್ಲ, ಆ ಅರ್ಜಿಯ ಮಟ್ಟಿಗೆ ಕೇವಿಯಟ್ ಅವಧಿ ಮೀರಿ ಸಾಯುವುದಿಲ್ಲ.

ನೋಟಿಸು ಬಂದರೆ ಕೈಯಲ್ಲಿ ಗಂಟೆಗಳ ಲೆಕ್ಕದ ಸಮಯ ಇರಬಹುದು. ತಕರಾರಿನ ಕರಡು, ಐದಾರು ವರ್ಷದ ಪಹಣಿ, ಸರ್ವೆ ನಕ್ಷೆ, ದಾರಿಯ ಫೋಟೊಗಳು ವಕೀಲರ ಬಳಿ ಮೊದಲೇ ಇರಲಿ. ಎದುರಿನವರ ಅರ್ಜಿ ಮತ್ತು ದಾಖಲೆಗಳ ಪ್ರತಿ ನಿಮಗೆ ಸಿಗಬೇಕು, ಪ್ರತಿಯ ಖರ್ಚು ಮಾತ್ರ ನಿಮ್ಮದು. ಕೇವಿಯಟ್ ಇದ್ದೂ ಕಣ್ತಪ್ಪಿ ಆದೇಶ ಆಗಿಹೋದರೆ ಅದು ತಾನಾಗಿ ಬಿದ್ದುಹೋಗುತ್ತದೆಂದು ಎಣಿಸಬೇಡಿ. ಕೇವಿಯಟ್ ಸಂಖ್ಯೆ ತೋರಿಸಿ, 39ನೇ ಆದೇಶದ 4ನೇ ನಿಯಮದಡಿ ಆದೇಶ ತೆಗೆಸಲು ಅರ್ಜಿ ಹಾಕಬೇಕು. ಅಲ್ಲಿಯವರೆಗೆ ಆ ಆದೇಶವನ್ನು ಪಾಲಿಸಬೇಕು.

ಗೆದ್ದ ಮೇಲೆ

ಕೇವಿಯಟ್ಟಿನ ಒಳ್ಳೆಯ ಉಪಯೋಗ ನಿಜವಾಗಿ ಇರುವುದು ಕೇಸು ಗೆದ್ದವರಿಗೆ. ಡಿಕ್ರಿ ಬಂತು, ಸೋತವರು ಮೇಲ್ಮನವಿ ಹಾಕಿ ತಡೆಯಾಜ್ಞೆ ತರಬಹುದು. ಮೇಲ್ಮನವಿ ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ, ತಡೆಯಾಜ್ಞೆ ಬೇಕೇ ಬೇಕು. ಆ ತಡೆಯಾಜ್ಞೆಯ ಅರ್ಜಿಗೆ ಎದುರಾಗಿ ಮೇಲಿನ ಕೋರ್ಟಿನಲ್ಲಿ ಕೇವಿಯಟ್. ಜಿಲ್ಲೆಯೊಳಗಿನ ಮೇಲ್ಮನವಿಗೆ ಅವಧಿ 30 ದಿನ, ಹೈಕೋರ್ಟಿಗೆ 90 ದಿನ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳದ್ದು ಬೆಂಗಳೂರಿನ ಪ್ರಧಾನ ಪೀಠಕ್ಕೇ ಹೋಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಹೈಕೋರ್ಟಿಗೆ 90 ದಿನ, ಕೇವಿಯಟ್ಟಿಗೂ 90 ದಿನ, ಹೊಂದಿತಲ್ಲ ಎನ್ನಿಸುತ್ತದೆ. ಹೊಂದಿಲ್ಲ. ತೀರ್ಪಿನ ದೃಢೀಕೃತ ಪ್ರತಿ ಪಡೆಯಲು ಹಿಡಿದ ದಿನಗಳನ್ನು ಮೇಲ್ಮನವಿಯ ಅವಧಿಯ ಎಣಿಕೆಗೆ ಹಿಡಿಯುವುದಿಲ್ಲ. ಪ್ರತಿಗೆ 25 ದಿನ ಹಿಡಿದರೆ ಅವರಿಗೆ 115ನೇ ದಿನದವರೆಗೆ ಸಮಯ, ನಿಮ್ಮ ಕೇವಿಯಟ್ 90ಕ್ಕೇ ಮುಗಿದಿರುತ್ತದೆ. ವಿಳಂಬ ಮನ್ನಾ ಅರ್ಜಿಯ ಜತೆ ಇನ್ನೂ ತಡವಾಗಿಯೂ ಬರಬಹುದು. ಗೆದ್ದವರು ಎರಡನೇ ಕೇವಿಯಟ್ಟಿನ ತಾರೀಖನ್ನು ಮೊದಲನೆಯದನ್ನು ಹಾಕಿದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕು.

ಎಲ್ಲಿ ನಡೆಯದು

ಜಾಮೀನು, ಎಫ್‌ಐಆರ್ ಇತ್ಯಾದಿ ಕ್ರಿಮಿನಲ್ ವಿಷಯಕ್ಕೆ 148ಎ ಇಲ್ಲ. ಉಪನೋಂದಣಿ ಕಚೇರಿಗೆ ‘ಕೇವಿಯಟ್’ ಎಂದು ಬರೆದುಕೊಟ್ಟ ಮಾತ್ರಕ್ಕೆ ಕ್ರಯದ ನೋಂದಣಿ ನಿಲ್ಲುವುದಿಲ್ಲ. ಖಾತೆ ಬದಲಾವಣೆ ತಡೆಯಬೇಕಾದರೆ ತಾಲ್ಲೂಕು ಕಚೇರಿಗೆ ಬೇಕಿರುವುದು ಅವಧಿಯೊಳಗೆ ಕೊಡುವ ತಕರಾರು ಅರ್ಜಿ. ವಿಲ್ಲನ್ನು ಕೋರ್ಟು ದೃಢೀಕರಿಸುವ ಪ್ರೊಬೇಟ್ ವಿಷಯದಲ್ಲಿ ಬೇರೆಯೇ ಕೇವಿಯಟ್ ಇದೆ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 284ನೇ ಸೆಕ್ಷನ್‌ನದು. ಅದರ ನಮೂನೆ ಐದನೇ ಅನುಸೂಚಿಯಲ್ಲಿದೆ, ಮತ್ತು ಅದರ ಒಕ್ಕಣೆ ಕನ್ನಡದಲ್ಲಿ ಹೇಳುವುದಾದರೆ ‘ಇಂಥವರಿಗೆ ನೋಟಿಸು ಕೊಡದೆ ಈ ಮೃತರ ಆಸ್ತಿಯ ವಿಷಯದಲ್ಲಿ ಏನೂ ನಡೆಯದಿರಲಿ’. ಆ ‘-ಲಿ’ ಇಲ್ಲೂ ಬಂತು ನೋಡಿ.

ನಿಮಗೇ ಕೇವಿಯಟ್ ನೋಟಿಸು ಬಂದರೆ

ಲಕೋಟೆ ನೋಡಿ ಕೇಸು ಬಿತ್ತು ಎಂದು ಗಾಬರಿಯಾಗುವವರಿದ್ದಾರೆ. ಕೇಸು ಬಿದ್ದಿಲ್ಲ, ನೀವು ಕೇಸು ಹಾಕಬಹುದೆಂದು ಅವರು ಅಂದಾಜಿಸಿದ್ದಾರೆ. ಉತ್ತರ ಕೊಡಬೇಕಾಗಿಲ್ಲ, ಕೋರ್ಟಿಗೆ ಹೋಗಬೇಕಾಗಿಯೂ ಇಲ್ಲ. ಅಂಚೆ ತೆಗೆದುಕೊಳ್ಳಿ, ನಿರಾಕರಿಸಿ ಲಾಭವಿಲ್ಲ. ಸಂಖ್ಯೆ ಇಲ್ಲದಿದ್ದರೆ ಇ-ಕೋರ್ಟ್ಸ್ ಸೇವೆಗಳ ಜಾಲತಾಣದಲ್ಲಿ ಕೇವಿಯಟ್ ಹುಡುಕಾಟದ ಭಾಗವಿದೆ, ಜಿಲ್ಲೆ, ನ್ಯಾಯಾಲಯ ಆರಿಸಿ ಹೆಸರು ಹಾಕಿ ನೋಡಿ. ನೀವು ನಿಜಕ್ಕೂ ದಾವೆ ಹೂಡುವವರಿದ್ದರೆ ಅರ್ಜಿ ಮತ್ತು ದಾಖಲೆಗಳ ಒಂದು ಸೆಟ್ ಹೆಚ್ಚಿಗೆ ಮಾಡಿಸಿಟ್ಟುಕೊಳ್ಳಿ, ಅದನ್ನು ತಡಮಾಡದೆ ಅವರಿಗೆ ಕೊಡುವುದು ನಿಮ್ಮ ಹೊಣೆ. ಕೇವಿಯಟ್ ಬಂದದ್ದನ್ನು ನಿಮ್ಮ ವಕೀಲರಿಗೆ ಹೇಳದೆ ಮುಚ್ಚಿಟ್ಟು ಏಕಪಕ್ಷೀಯ ಆದೇಶ ತಂದರೆ, ಅದು ಬಯಲಾದ ದಿನ ನ್ಯಾಯಾಧೀಶರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾದವರು ಆ ವಕೀಲರು.